ಎರಡು ಆರ್ಡರ್‌ಗಳ ನಡುವಿನ ಹೊತ್ತು: ವಿಜಯಪುರದ ಎಮರ್ಜೆನ್ಸಿ ವಾರ್ಡಿನಲ್ಲಿ ನನ್ನ ಅನುಭವ

ಹಾವು ಕಚ್ಚಿದವರು ಬಂದರು ಅಂದ ಕೂಡಲೇ ನನ್ನ ಕೈ ಮೇಜಿನ ಡ್ರಾಯರ್‌ಗೆ ಹೋಗುತ್ತದೆ. ಅಲ್ಲಿ ಹೊಸ, ಒಣ ಗಾಜಿನ ಟ್ಯೂಬ್‌ಗಳನ್ನು ಬೇರೆಯಾಗಿ ಇಟ್ಟಿದ್ದೇನೆ. ಈಗ ರಕ್ತ ತೆಗೆಯುವ ಟ್ಯೂಬ್‌ಗಳು ಹೆಚ್ಚಾಗಿ ಪ್ಲಾಸ್ಟಿಕ್‌ನವು. ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡುವ ಈ ಪರೀಕ್ಷೆಯನ್ನು ಅವುಗಳಲ್ಲಿ ಮಾಡಬಾರದು. ಸೋಪಿನಲ್ಲಿ ತೊಳೆದ ಗಾಜಿನ ಟ್ಯೂಬೂ ಬೇಡ. ಅದರಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಎರಡು ಎಂಎಲ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ನಿಲ್ಲಿಸಬೇಕು. ಆಮೇಲೆ ಒಂದೇ ಸಲ ಓರೆ ಮಾಡಿ ನೋಡಬೇಕು. ರಕ್ತ ನೀರಿನಂತೆ ಹರಿದರೆ ವಿಷ ರಕ್ತಕ್ಕೆ ಇಳಿದಿದೆ ಎಂದು ಅರ್ಥ. ನಮ್ಮ ಕಡೆ ಅದು ಬಹಳ ಸಲ ಮಂಡಲದ ಹಾವಿನ ಕೆಲಸ. ಯಂತ್ರ ಬೇಡ, ಲ್ಯಾಬ್ ಬೇಡ. ಒಂದು ಟ್ಯೂಬ್, ಒಂದು ಗಡಿಯಾರ, ಪಕ್ಕದಲ್ಲಿ ಮರೆಯದೆ ನೋಡುವ ಒಬ್ಬ ನರ್ಸ್ ಇದ್ದರೆ ಸಾಕು.

ನಾನು ವಿಜಯಪುರದ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನರ್ಸಿಂಗ್ ಆಫೀಸರ್. ಹಳ್ಳಿಯಿಂದ ಬಂದವರಿಗೆ ಇದು ಈಗಲೂ ‘ಕ್ಯಾಜುವಲ್ಟಿ’, ನಾನು ‘ಸಿಸ್ಟರ್’ ಅಥವಾ ‘ಅಕ್ಕಾರ’. ಇಲ್ಲಿ ಡಾಕ್ಟರ್ ಒಬ್ಬರು ಬರುತ್ತಾರೆ, ನೋಡುತ್ತಾರೆ, ಆರ್ಡರ್ ಬರೆದು ಮುಂದಿನ ಬೆಡ್‌ಗೆ ಹೋಗುತ್ತಾರೆ. ಅವರು ತಿರುಗಿ ಬರುವವರೆಗೆ ಪೇಷಂಟ್ ನಮ್ಮ ಕಣ್ಣಲ್ಲಿ ಇರುತ್ತಾರೆ. ಆ ಹೊತ್ತಿನಲ್ಲಿ ಏನು ನೋಡಬೇಕು ಎಂಬುದನ್ನು ನಾನು ಕಲಿತದ್ದು ಬಹುಪಾಲು ಹಿರಿಯ ಸಿಸ್ಟರ್‌ಗಳಿಂದ. ಹೊಸದಾಗಿ ಬರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ವಾರ್ಡಿಗೂ ಹೊಲಕ್ಕೂ ಒಂದೇ ಕ್ಯಾಲೆಂಡರ್. ಮಳೆ ಶುರುವಾದರೆ ಹಾವು. ಕಬ್ಬು ಕಡಿಯಲು ಶುರುವಾದರೆ ಟ್ರ್ಯಾಕ್ಟರ್. ಎರಡೆರಡು ಟ್ರೇಲರ್ ಎಳೆದುಕೊಂಡು ರಾತ್ರಿ ರಸ್ತೆ ಬದಿ ನಿಂತಿರುತ್ತವೆ, ಹಿಂದೆ ರಿಫ್ಲೆಕ್ಟರ್ ಇರುವುದಿಲ್ಲ. ಬೈಕಿನವರು ಹೋಗಿ ಗುದ್ದುತ್ತಾರೆ. ಹೆಲ್ಮೆಟ್ ಹಾಕದವರೇ ಜಾಸ್ತಿ. ತಿಕೋಟಾ ಕಡೆ ದ್ರಾಕ್ಷಿಗೆ ಎಣ್ಣೆ ಹೊಡೆಯುವ ದಿನಗಳಲ್ಲಿ ಔಷಧಿ ಮೈಗೆ ಬಿದ್ದು, ಮೂಗಿಗೆ ಹೋಗಿ ಬರುವವರು. ಬೇಸಿಗೆಯಲ್ಲಿ ಬಿಸಿಲು ಬಡಿದವರು, ಚೇಳು ಕಚ್ಚಿದ ಮಕ್ಕಳು.

ಚೇಳನ್ನು ಜನ ಹಗುರವಾಗಿ ತಗೊಳ್ಳುತ್ತಾರೆ. ಕೆಂಪು ಚೇಳು ಕಚ್ಚಿದ ಮಗು ನೋವಿಗಿಂತ ಬೆವರಿನಿಂದ ಗುರುತು ಸಿಗುತ್ತದೆ. ಮೈಯೆಲ್ಲ ಬೆವರು, ಕೈಕಾಲು ತಣ್ಣಗೆ. ಮುಂದೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಇದಕ್ಕೆ ಪ್ರಾಜೋಸಿನ್ ಮಾತ್ರೆ ಕೊಡುವ ದಾರಿ ತೋರಿಸಿದವರು ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತರಾವ್ ಬಾವಸ್ಕರ್. ಹಳ್ಳಿಗಾಡಿನಲ್ಲಿ ಕೂತು ಪೇಷಂಟ್‌ಗಳನ್ನು ನೋಡುತ್ತಾ ಈ ಕೆಲಸ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು ಅಂದಾಗ ನಮ್ಮ ಮನೆಯವರಿಗೇ ಬಂದಷ್ಟು ಖುಷಿಯಾಗಿತ್ತು ನನಗೆ. ಮಾತ್ರೆ ಕೊಟ್ಟ ಮೇಲೆ ಮಗುವನ್ನು ಮಲಗಿಸಿಯೇ ಇಡಬೇಕು. ತಾಯಂದಿರು ಸಮಾಧಾನ ಮಾಡಲು ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾರೆ, ಆಗ ಬಿಪಿ ಇಳಿದುಬಿಡುತ್ತದೆ. ‘ಎತ್ತಬ್ಯಾಡ ತಂಗಿ, ಬಾಜೂಕ ಕುಂತು ಕೈ ಹಿಡ್ಕೊ’ ಎಂದು ನಾವೇ ಹೇಳಬೇಕು.

ಮತ್ತೆ ಹಾವಿನ ವಿಷಯಕ್ಕೆ ಬರುತ್ತೇನೆ. ನನಗೆ ಜಾಸ್ತಿ ಭಯ ಕಟ್ಟು ಹಾವಿನದು. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಬಾವು ಇರುವುದಿಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ. ಒಮ್ಮೆ ಬೆಳಗಿನ ಜಾವ ಬಬಲೇಶ್ವರ ಕಡೆಯ ಒಬ್ಬ ಹುಡುಗನನ್ನು ಕರೆತಂದರು. ‘ಹೊಟ್ಟಿ ನೋಯಾಕತ್ತೈತಿ, ನೀರ ನುಂಗಾಕ ಆಗವಲ್ದು’ ಅಂದ. ಮನೆಯವರು ರಾತ್ರಿಯ ಊಟದ ಮೇಲೆ ಅನುಮಾನ ಪಟ್ಟಿದ್ದರು. ಕಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ನಿದ್ದೆಗಣ್ಣು ಅಂತ ಯಾರಿಗಾದರೂ ಅನ್ನಿಸುತ್ತದೆ. ‘ತಮ್ಮಾ, ಮ್ಯಾಲ ನೋಡು’ ಅಂದೆ. ಎತ್ತಲು ಆಗಲಿಲ್ಲ. ‘ನಿನ್ನೆ ರಾತ್ರಿ ಎಲ್ಲಿ ಮಲಗಿದ್ದಿ?’ ಅಂತ ಕೇಳಿದೆ. ‘ಪಡಸಾಲ್ಯಾಗ, ಕೆಳಗ’ ಅಂದ. ಡಾಕ್ಟರ್‌ಗೆ ಕೂಗು ಹಾಕಿದೆ. ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ, ಶುರುವಾಯಿತು. ಆದರೂ ಮಧ್ಯಾಹ್ನದ ಹೊತ್ತಿಗೆ ಉಸಿರು ಸೋತು ವೆಂಟಿಲೇಟರ್ ಬೇಕಾಯಿತು. ಕೆಲವು ದಿನದ ನಂತರ ನಡೆದುಕೊಂಡೇ ಮನೆಗೆ ಹೋದ.

ಇಂಥವರನ್ನು ಕಾಯಲು ನಾನು ಮೂರು ಕೆಲಸ ಮಾಡಿಸುತ್ತೇನೆ. ಕಣ್ಣು ತೆರೆಸಿ ಮೇಲೆ ನೋಡಿಸುವುದು. ದಿಂಬಿನಿಂದ ತಲೆ ಎತ್ತಿಸುವುದು. ಒಂದೇ ಉಸಿರಿನಲ್ಲಿ ಒಂದು, ಎರಡು ಎಂದು ಎಣಿಸಲು ಹೇಳುವುದು. ಹೋದ ಸಲ 25ರ ತನಕ ಎಣಿಸಿದವರು ಈಗ 12ಕ್ಕೆ ನಿಂತರೆ ಡಾಕ್ಟರ್‌ನ ಓಡಿ ಕರೆಯಬೇಕು. ಬೆರಳಿನ ಆಕ್ಸಿಮೀಟರ್ ಆಗ ಇನ್ನೂ ಚೆನ್ನಾಗಿಯೇ 98 ತೋರಿಸುತ್ತಿರಬಹುದು. ಆ ನಂಬರ್ ನಂಬಿ ಕೂರಬೇಡಿ.

ಎಎಸ್‌ವಿ ಪುಡಿಗೆ ನೀರು ಹಾಕಿದ ಮೇಲೆ ಬಾಟಲಿಯನ್ನು ಅಂಗೈಯಲ್ಲಿ ಮೆಲ್ಲಗೆ ತಿರುಗಿಸಬೇಕು. ಜೋರಾಗಿ ಕುಲುಕಿದರೆ ನೊರೆ ಬರುತ್ತದೆ. ಸಾಮಾನ್ಯವಾಗಿ ಇಂಥ 10 ಬಾಟಲಿ, ಅಂದರೆ 10 ವಯಲ್‌ನಿಂದ ಶುರು, ಸುಮಾರು ಒಂದು ಗಂಟೆಯಲ್ಲಿ ಹೋಗಬೇಕು. ಮಕ್ಕಳಿಗೂ ಅಷ್ಟೇ, ಯಾಕೆಂದರೆ ಹಾವು ಮಗು ಅಂತ ವಿಷ ಕಡಿಮೆ ಬಿಡುವುದಿಲ್ಲ. ಇದು ಕುದುರೆಯ ರಕ್ತದಿಂದ ಮಾಡಿದ ಔಷಧಿ, ಕೆಲವರ ಮೈಗೆ ಒಗ್ಗುವುದಿಲ್ಲ. ಹಾಗಾಗಿ ಸಲಾಯಿನ್ ಹಚ್ಚುವ ಮೊದಲೇ, ಹಾಗೆ ಒಗ್ಗದಿದ್ದಾಗ ಕೊಡುವ ಅಡ್ರಿನಲಿನ್ ಔಷಧಿಯನ್ನು ಸಿರಿಂಜಿನಲ್ಲಿ ಎಳೆದು, ಹೆಸರು ಬರೆದು, ತಲೆ ಬದಿ ಇಟ್ಟುಕೊಳ್ಳುತ್ತೇನೆ. ಮೊದಲ ಹದಿನೈದು ನಿಮಿಷ ಆ ಬೆಡ್ ಬಿಟ್ಟು ಅಲುಗುವುದಿಲ್ಲ. ಕುತ್ತಿಗೆ ಕೆರೆದುಕೊಂಡರೂ ಸಾಕು, ಸಲಾಯಿನ್ ನಿಲ್ಲಿಸಿ ಡಾಕ್ಟರ್‌ನ ಕರೆಯುತ್ತೇನೆ. ಹಗ್ಗ ಬಿಗಿದು ತಂದಿದ್ದರೆ ಬಂದ ತಕ್ಷಣ ಬಿಚ್ಚುವುದೂ ಅಪಾಯ. ಡಾಕ್ಟರ್ ಎದುರಿಗೆ ಇದ್ದು, ಎಲ್ಲ ತಯಾರಿ ಆದ ಮೇಲೆ ಮೆಲ್ಲಗೆ ಸಡಿಲಿಸಬೇಕು.

ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು. ಬರೆಯುವ ಕೆಲಸ ಜಾಸ್ತಿಯಾಯಿತು, ನಿಜ. ಆದರೆ ಎಲ್ಲಿ ಎಷ್ಟು ಎಎಸ್‌ವಿ ಬೇಕು ಎನ್ನುವುದು ಲೆಕ್ಕ ಇದ್ದರೆ ತಾನೇ ಗೊತ್ತಾಗೋದು? ನಾನು ಆ ಫಾರ್ಮ್ ತುಂಬಲು ಬೇಸರ ಮಾಡುವುದಿಲ್ಲ.

ಬೆಳೆಯ ಔಷಧಿ ಹೊಟ್ಟೆಗೆ ಹೋದವರ ಆರೈಕೆ ಇದಕ್ಕಿಂತ ದಣಿಸುತ್ತದೆ. ಮೊದಲು ಬಟ್ಟೆ ತೆಗೆದು ಮೈ, ಕೂದಲು ಸೋಪಿನಿಂದ ತೊಳೆಯಬೇಕು. ಗ್ಲೌಸ್ ಇಲ್ಲದೆ ಮುಟ್ಟಿದರೆ ನಮಗೂ ತಲೆನೋವು, ವಾಕರಿಕೆ. ಬಟ್ಟೆ ಕವರಿಗೆ ಹೋಗುತ್ತದೆ, ಎಂಎಲ್‌ಸಿ (ಪೊಲೀಸ್ ಕೇಸಿನ) ರಿಜಿಸ್ಟರ್ ತುಂಬಬೇಕು, ಪೊಲೀಸರಿಗೆ ತಿಳಿಸಬೇಕು. ಇಷ್ಟರ ನಡುವೆ ಆ ವಿಷಕ್ಕೆ ಕೊಡುವ ಅಟ್ರೋಪಿನ್ ಇಂಜೆಕ್ಷನ್. ನಮಗೆ ಬರುವ ಆಂಪ್ಯೂಲ್ (ಔಷಧಿಯ ಸಣ್ಣ ಗಾಜಿನ ಸೀಸೆ) 0.6 ಮಿಲಿಗ್ರಾಂನದು. ಐದು ನಿಮಿಷಕ್ಕೊಮ್ಮೆ ಡೋಸ್ ಎರಡು ಪಟ್ಟು ಮಾಡುತ್ತಾ ಹೋದರೆ ಒಬ್ಬರು ಆಂಪ್ಯೂಲ್ ಒಡೆಯಲೇ ನಿಲ್ಲಬೇಕು. ಬೆರಳ ತುದಿಯೆಲ್ಲ ಗಾಜಿನ ಗೀರು. ಎದೆಯ ಗೊರಗೊರ ನಿಂತಿತೇ, ಬೆವರು ಆರಿತೇ, ನಾಡಿ 80 ದಾಟಿತೇ ಅಂತ ನೋಡುತ್ತಿರಬೇಕು. ಅಟ್ರೋಪಿನ್ ಜಾಸ್ತಿಯಾದರೆ ಮೈ ಕಾಯುತ್ತದೆ, ಬಡಬಡಿಸುತ್ತಾರೆ, ಸಲಾಯಿನ್ ಕಿತ್ತುಕೊಳ್ಳುತ್ತಾರೆ. ಮನೆಯವರು ‘ಹುಚ್ಚ ಹಿಡದೈತೇನ್ರೀ ಅಕ್ಕಾರ?’ ಅಂತ ಅಳುತ್ತಾರೆ. ಇದು ಇಂಜೆಕ್ಷನ್‌ನಿಂದ, ಇಳಿಯುತ್ತದೆ ಎಂದು ಅವರಿಗೆ ಮೊದಲೇ ಹೇಳಿಡುತ್ತೇನೆ. ಹುಷಾರಾದರು ಅಂದುಕೊಂಡ ಮೇಲೂ ಮೂರು ನಾಲ್ಕು ದಿನ ಕುತ್ತಿಗೆ ಎತ್ತಿಸಿ ನೋಡಬೇಕು. ಎತ್ತಲಾಗದಿದ್ದರೆ ಉಸಿರಾಟದ ಸ್ನಾಯುಗಳೂ ಸೋಲುತ್ತಿವೆ ಎಂಬ ಸೂಚನೆ ಅದು.

ಬೇಕೆಂದೇ ಕುಡಿದವರೂ ಇದರಲ್ಲಿ ಇರುತ್ತಾರೆ. ಅವರನ್ನು ಬೈಯುವುದನ್ನು ನಾನು ನನ್ನ ಬೆಡ್ ಹತ್ತಿರ ಬಿಡುವುದಿಲ್ಲ. ಮನೆಯವರಾಗಲಿ, ಸ್ಟಾಫ್ ಆಗಲಿ. ‘ಯಾಕ ಹಿಂಗ ಮಾಡ್ಕೊಂಡಿ’ ಎನ್ನುವ ಪ್ರಶ್ನೆಗೆ ಮೂಗಿನಲ್ಲಿ ನಳಿಗೆ ಇದ್ದಾಗ ಯಾರು ಉತ್ತರ ಕೊಟ್ಟಾರು? ಹೆಣ್ಣುಮಗಳಾದರೆ ಗಂಡನ ಮನೆಯವರನ್ನು ಹೊರಗೆ ಕಳಿಸಿ ಒಬ್ಬಳೇ ಕೂತು ಮಾತಾಡುತ್ತೇನೆ. ಮನೆಗೆ ಹೋಗುವಾಗ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಅವರ ಚೀಟಿಯ ಮೇಲೆ ಬರೆದುಕೊಡುತ್ತೇನೆ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಜೊತೆಗೆ ಬರುವ ಜನ. ಟ್ರ್ಯಾಕ್ಟರ್ ಅಪಘಾತ ಅಂದರೆ ಅರ್ಧ ಊರೇ ಬಾಗಿಲಲ್ಲಿ ಇರುತ್ತದೆ. ‘ಡಾಕ್ಟರ್ ಎಲ್ಲ್ಯದಾರ್ರೀ? ಯಾಕ ಯಾರೂ ನೋಡವಲ್ರಿ?’ ಸೆಕ್ಯುರಿಟಿ ಕರೆದು ನೂಕಿಸಿದರೆ ಸಿಟ್ಟು ಏರುತ್ತದೆ. ನಾನು ಗುಂಪಿನಲ್ಲಿ ಹಿರಿಯರೊಬ್ಬರನ್ನು ಹುಡುಕುತ್ತೇನೆ. ‘ಕಾಕಾ, ನೀವೊಬ್ರು ಒಳಗ ಬರ್ರಿ. ಏನ್ ನಡದೈತಿ ಅಂತ ನಾ ನಿಮಗ ಹೇಳ್ತೀನಿ, ನೀವು ಅವರಿಗೆ ಹೇಳ್ರಿ.’ ರಕ್ತ ಕೊಡುವವರನ್ನು ಹುಡುಕುವುದು, ಆಧಾರ್ ಕಾರ್ಡ್ ತರಿಸುವುದು, ಹೀಗೆ ಬೇರೆಯವರಿಗೂ ಒಂದೊಂದು ಕೆಲಸ ಕೊಡುತ್ತೇನೆ. ಆಮೇಲೆ ಹೊಸ ಸುದ್ದಿ ಇರಲಿ, ಇಲ್ಲದಿರಲಿ, ಕಾಲು ಗಂಟೆಗೊಮ್ಮೆ ಹೋಗಿ ಒಂದು ಮಾತು ಹೇಳಿ ಬರುತ್ತೇನೆ. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ರಾಜ್ಯದಲ್ಲಿ 2009ರಿಂದ ಕಾನೂನು ಇದೆ. ಇರಬೇಕು ಕೂಡ. ಆದರೆ ರಾತ್ರಿ ಎರಡು ಗಂಟೆಗೆ ನನ್ನನ್ನು ಕಾಪಾಡುವುದು ಒಳಗೆ ನಿಂತ ಆ ಕಾಕಾ.

ನಮ್ಮ ಮೈಯ ಕಥೆ ಬೇರೆ. ನೀರು ಕುಡಿದರೆ ಬಾತ್‌ರೂಮಿಗೆ ಹೋಗಬೇಕು ಅಂತ ನೀರು ಕುಡಿಯದ ಸಿಸ್ಟರ್‌ಗಳು ಎಷ್ಟೋ ಜನ. ಉರಿಮೂತ್ರ ನಮ್ಮ ವಾರ್ಡಿನಲ್ಲಿ ಎಲ್ಲರಿಗೂ ಗೊತ್ತಿರುವ ಕಾಯಿಲೆ. ಇದು ಸರಿಯಲ್ಲ. ಈಗ ನಾವು ಇಬ್ಬಿಬ್ಬರು ಜೋಡಿ ಮಾಡಿಕೊಂಡಿದ್ದೇವೆ. ಒಬ್ಬಳು ಹತ್ತು ನಿಮಿಷ ಹೋದರೆ ಇನ್ನೊಬ್ಬಳು ಅವಳ ಬೆಡ್‌ಗಳನ್ನು ಹೆಸರು ಹೇಳಿ ವಹಿಸಿಕೊಳ್ಳುತ್ತಾಳೆ. ಬುತ್ತಿ ಬಿಚ್ಚುವುದೂ ಹಾಗೆಯೇ. ರಾತ್ರಿ ಡ್ಯೂಟಿಗೆ ಸ್ಟಾಫ್ ಕಡಿಮೆ ಹಾಕಿದಾಗ ಈ ಏರ್ಪಾಡೂ ನಡೆಯುವುದಿಲ್ಲ. ಒಬ್ಬಳೇ ಎಷ್ಟು ಕಣ್ಣಿಡಲು ಸಾಧ್ಯ? ರಾತ್ರಿಗೆ ಇನ್ನೊಬ್ಬ ನರ್ಸ್ ಕೊಡಿ ಅಂತ ನಾವು ಕೇಳುವುದು ಪೇಷಂಟ್‌ಗೋಸ್ಕರವೇ.

ಕೊನೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ನಮಗೆ ಪೇಷಂಟ್ ಕಳಿಸುವ ಸಿಸ್ಟರ್‌ಗಳಲ್ಲಿ ಒಂದು ಕೋರಿಕೆ. ರೆಫರ್ ಚೀಟಿಯಲ್ಲಿ ‘ಎಎಸ್‌ವಿ ಕೊಟ್ಟಿದೆ’ ಎಂದಷ್ಟೇ ಬರೆಯಬೇಡಿ. ಎಷ್ಟು ವಯಲ್, ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯಿತು ಅಂತ ಬರೆಯಿರಿ. ಗಾಜಿನ ಟ್ಯೂಬ್‌ನ ಪರೀಕ್ಷೆಯನ್ನು ಆರು ಗಂಟೆ ಬಿಟ್ಟು ಮತ್ತೆ ಮಾಡಬೇಕು, ಆ ಆರು ಗಂಟೆ ನಿಮ್ಮಲ್ಲೇ ಶುರುವಾಗಿರುತ್ತದೆ. ಅಟ್ರೋಪಿನ್ ಆದರೆ ಕೊನೆಯ ಡೋಸ್ ಎಷ್ಟು, ಆಗ ನಾಡಿ ಎಷ್ಟಿತ್ತು ಅಂತ ಬರೆಯಿರಿ. ಚೀಟಿ ಕಳೆದುಹೋಗುವ ಭಯ ಇದ್ದರೆ ಪ್ಲಾಸ್ಟರ್ ಪಟ್ಟಿಯ ಮೇಲೆ ಬರೆದು ಪೇಷಂಟ್ ತೋಳಿಗೇ ಅಂಟಿಸಿ. 108ರಿಂದ ಇಳಿಸುವಾಗ ನಾವು ಮೊದಲು ಅಲ್ಲೇ ನೋಡುತ್ತೇವೆ.