ಮಂಡಿಗೆ ಮೂಳೆಮಜ್ಜೆ ಇಂಜೆಕ್ಷನ್: ಸಹಿ ಹಾಕುವ ಮುಂಚೆ ಏನೇನು ನೋಡಬೇಕು?

ಮಂಡಿ ನೋವಿಗೆ ‘ಸ್ಟೆಮ್ ಸೆಲ್’ (ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಜೀವಕೋಶ; ಮೂಳೆಮಜ್ಜೆಯಲ್ಲೂ ಇರುತ್ತದೆ) ಹಾಕಿಸಿಕೊಂಡವರನ್ನು ಕೇಳಿ ನೋಡಿ. ಎಷ್ಟು ಖರ್ಚಾಯಿತು ಅಂತ ಹೇಳುತ್ತಾರೆ, ಎಷ್ಟು ನೋವಾಯಿತು ಅಂತಲೂ ಹೇಳುತ್ತಾರೆ. ಸಿರಿಂಜಿನಲ್ಲಿ ಇದ್ದದ್ದೇನು ಅಂದರೆ ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹಂತ 1: ನೋವಿನ ಮೂಲ ಹುಡುಕಿ

ನಿಂತುಕೊಂಡಾಗ ತೆಗೆದ ಎಕ್ಸ್-ರೇ ಬೇಕು. ಮಲಗಿಸಿ ತೆಗೆದರೆ ಮೂಳೆಗಳ ನಡುವಿನ ಜಾಗ ಎಷ್ಟು ಕಮ್ಮಿಯಾಗಿದೆ ಅಂತ ಸರಿಯಾಗಿ ಕಾಣುವುದಿಲ್ಲ. ಸವೆತವನ್ನು 0ಯಿಂದ 4ರವರೆಗೆ ಗ್ರೇಡ್ ಮಾಡುತ್ತಾರೆ. ನಿಮ್ಮದು ಎಷ್ಟು ಅಂತ ಕೇಳಿ ಬರೆದಿಟ್ಟುಕೊಳ್ಳಿ. 4 ಅಂದರೆ ಮೂಳೆಗೆ ಮೂಳೆ ತಾಗುವ ಸ್ಥಿತಿ. ಅಲ್ಲಿಗೆ ಬಂದಿದ್ದರೆ ಈ ಇಂಜೆಕ್ಷನ್ ಆಸೆ ಬಿಡುವುದೇ ಒಳ್ಳೆಯದು. ಇನ್ನೊಂದು ಮಾತು: ಸೊಂಟದ ಕೀಲಿನ ತೊಂದರೆಯೂ ಕೆಲವೊಮ್ಮೆ ಮಂಡಿ ನೋವಾಗಿ ಕಾಣಿಸಿಕೊಳ್ಳುತ್ತದೆ. ಅದನ್ನೂ ಪರೀಕ್ಷೆ ಮಾಡಿಸಿ.

ಹಂತ 2: ವ್ಯಾಯಾಮ, ತೂಕ

ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವನ್ನು ಕೆಲವು ತಿಂಗಳು ಬಿಡದೆ ಮಾಡಿ. ಮೈತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋ ಕಮ್ಮಿಯಾಗುತ್ತದೆ. ಇದನ್ನು ಮಾಡದೆ ಸೀದಾ ಸೂಜಿಗೆ ಹೋಗಬೇಡಿ.

ಹಂತ 3: ಪ್ರಶ್ನೆ ಕೇಳಿ

ಜನ ಎಡವುವುದು ಇಲ್ಲೇ. ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಉತ್ತರಗಳನ್ನು ಅವರು ಬರೆದುಕೊಳ್ಳಲಿ.

ಮೊದಲ ಪ್ರಶ್ನೆ: ಜೀವಕೋಶ ಎಲ್ಲಿಂದ ಬರುತ್ತದೆ? ‘ನಿಮ್ಮದೇ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ಜೀವಕೋಶ ಹೆಚ್ಚಿರುವ ಭಾಗವನ್ನು ಅದೇ ದಿನ ಮಂಡಿಗೆ ಹಾಕುತ್ತೇವೆ’ ಅಂದರೆ ಮಾತು ಮುಂದುವರಿಸಿ. ತೋಳಿನ ರಕ್ತದಿಂದ ಅನ್ನುವುದಾದರೆ ಅದು ಪ್ಲೇಟ್ಲೆಟ್ ಹೆಚ್ಚಿರುವ ರಕ್ತದ ದ್ರವ, ಅಂದರೆ ಪಿಆರ್‌ಪಿ. ಅದನ್ನು ಸ್ಟೆಮ್ ಸೆಲ್ ಅಂತ ಮಾರುವವರನ್ನು ನಂಬಬೇಡಿ. ಫ್ರಿಜ್‌ನಿಂದ ರೆಡಿಮೇಡ್ ಸೀಸೆ ತೆಗೆದು, ಹೊಕ್ಕುಳಬಳ್ಳಿಯದು, ಗರ್ಭದ ನೀರಿನದು ಅಂದರೆ ಎದ್ದು ಬನ್ನಿ. ಮಾರುಕಟ್ಟೆಯ ಅಂಥ ಹಲವು ಸೀಸೆಗಳನ್ನು ಪರೀಕ್ಷೆ ಮಾಡಿದಾಗ ಜೀವಂತ ಸ್ಟೆಮ್ ಸೆಲ್ ಸಿಕ್ಕಿಲ್ಲ. ಅಮೆರಿಕದಲ್ಲಿ 2018ರಲ್ಲಿ ಹೊಕ್ಕುಳಬಳ್ಳಿ ರಕ್ತದ ಇಂಥದೇ ಉತ್ಪನ್ನದಿಂದ 12 ಜನ ಸೋಂಕು ತಗುಲಿ ಆಸ್ಪತ್ರೆ ಸೇರಬೇಕಾಯಿತು.

ಎರಡನೆಯದು: ಮಜ್ಜೆ ಹೇಗೆ ತೆಗೆಯುತ್ತೀರಿ? ಮಜ್ಜೆಯ ಜೀವಕೋಶಗಳಲ್ಲಿ ನಮಗೆ ಬೇಕಾದ ಸ್ಟೆಮ್ ಸೆಲ್ ಇರುವುದು ಶೇ 0.001ರಿಂದ 0.01ರಷ್ಟು ಮಾತ್ರ. ಒಂದೇ ಜಾಗದಿಂದ ದೊಡ್ಡ ಸಿರಿಂಜಿನಲ್ಲಿ ಎಳೆದರೆ ಮಜ್ಜೆಗಿಂತ ರಕ್ತವೇ ಜಾಸ್ತಿ ಬರುತ್ತದೆ. ಸೂಜಿಯ ಜಾಗ ಬದಲಿಸುತ್ತಾ, ಸಣ್ಣ ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ಸಮಯ ಹಿಡಿಯುವ ಕೆಲಸ ಇದು. ‘ಐದೇ ನಿಮಿಷ’ ಅನ್ನುವವರ ಬಳಿ ಮಾಡಿಸಬೇಡಿ.

ಮೂರನೆಯದು: ಮಂಡಿಗೆ ಚುಚ್ಚುವಾಗ ಅಲ್ಟ್ರಾಸೌಂಡ್ ಅಥವಾ ಎಕ್ಸ್-ರೇ ಪರದೆ ನೋಡಿಕೊಂಡು ಚುಚ್ಚುತ್ತೀರಾ? ಬರೀ ಅಂದಾಜಿನ ಮೇಲೆ ಚುಚ್ಚಿಸಿಕೊಳ್ಳಬೇಡಿ.

ಕೊನೆಯದು: ಎಷ್ಟು ಗುಣ ಆಗುತ್ತದೆ? ‘ಸವೆದ ಕಾರ್ಟಿಲೇಜ್ (ಮೂಳೆ ತುದಿಯ ನುಣುಪಾದ ಹೊದಿಕೆ) ಮತ್ತೆ ಬೆಳೆಯುತ್ತದೆ’ ಅನ್ನುವ ಉತ್ತರ ಬಂದರೆ ಅದಕ್ಕೆ ಗಟ್ಟಿ ಆಧಾರವಿಲ್ಲ ಅಂತ ತಿಳಿಯಿರಿ. 2017ರಲ್ಲಿ ಪ್ರಕಟವಾದ ಮೇಯೊ ಕ್ಲಿನಿಕ್ ಅಧ್ಯಯನದಲ್ಲಿ 25 ಜನರ ಒಂದು ಮಂಡಿಗೆ ಮಜ್ಜೆ, ಇನ್ನೊಂದಕ್ಕೆ ಬರೀ ಉಪ್ಪುನೀರಿನ ಸಲೈನ್ ಹಾಕಿದರು. ಎರಡೂ ಮಂಡಿಗಳ ನೋವು ಹೆಚ್ಚುಕಮ್ಮಿ ಒಂದೇ ಥರ ಇಳಿಯಿತು. 2023ರಲ್ಲಿ ಸುಮಾರು 480 ಜನರ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಒಂದು ವರ್ಷದ ನಂತರ ನೋಡಿದರೆ ಮಾಮೂಲಿ ಸ್ಟಿರಾಯ್ಡ್ ಇಂಜೆಕ್ಷನ್‌ಗಿಂತ ಮಜ್ಜೆಯದು ಮೇಲಾಗಿರಲಿಲ್ಲ. ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರಲ್ಲೇ ಮಂಡಿ ಮತ್ತು ಸೊಂಟದ ಸವೆತಕ್ಕೆ ಸ್ಟೆಮ್ ಸೆಲ್ ಇಂಜೆಕ್ಷನ್ ಬೇಡ ಅಂತ ಹೇಳಿದೆ. ಇದೆಲ್ಲವನ್ನೂ ತಾವಾಗಿ ಮುಂದಿಟ್ಟು ಮಾತಾಡುವ ಡಾಕ್ಟರ್ ಸಿಕ್ಕರೆ ಅವರನ್ನೇ ಹಿಡಿದುಕೊಳ್ಳಿ. ನಿಮ್ಮಲ್ಲಿ ಈ ಚಿಕಿತ್ಸೆಗೆ ಅನುಮತಿ ಇದೆಯೇ, ಪ್ರಯೋಗದ ಭಾಗವಾಗಿ ಮಾತ್ರ ಕೊಡಬಹುದೇ ಅನ್ನುವುದನ್ನೂ ಅವರಿಂದಲೇ ತಿಳಿದುಕೊಳ್ಳಿ.

ಇಷ್ಟಾದ ಮೇಲೂ ಮಾಡಿಸುವುದೇ ಆದರೆ ಒಂದು ಸಲಕ್ಕೆ ಒಂದೇ ಮಂಡಿ. ನನ್ನ ಮಟ್ಟಿಗೆ ಇದರಲ್ಲಿ ರಾಜಿ ಇಲ್ಲ. ಎರಡೂ ಊದಿಕೊಂಡರೆ ಬಾತ್‌ರೂಮಿಗೆ ಹೋಗುವುದೂ ಕಷ್ಟ.

ಹಂತ 4: ಮಾತ್ರೆಗಳ ಪಟ್ಟಿ ಕೊಡಿ

ಇಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಗಳನ್ನು ಸಾಮಾನ್ಯವಾಗಿ ಕೆಲವು ದಿನ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ಮತ್ತು ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಮಾತ್ರ ಬೇರೆ ವಿಷಯ. ಅವನ್ನು ಬರೆದುಕೊಟ್ಟ ಡಾಕ್ಟರನ್ನು ಕೇಳದೆ ಒಂದು ಹೊತ್ತೂ ಬಿಡಬೇಡಿ.

ಹಂತ 5: ಆ ದಿನ

ವಾಪಸ್ ಬರುವಾಗ ಗಾಡಿ ಓಡಿಸಲು ಬೇರೆಯವರು ಇರಲಿ.

ಹಂತ 6: ಮನೆಗೆ ಬಂದ ಮೇಲೆ

ಮೊದಲ ಕೆಲವು ದಿನ ಮಂಡಿಯೂ, ಮಜ್ಜೆ ತೆಗೆದ ಜಾಗವೂ ನೋಯುತ್ತವೆ. ಆಗ ಡ್ರಾಯರಿನಲ್ಲಿ ಉಳಿದಿದ್ದ ಹಳೇ ಮಾತ್ರೆ ಹುಡುಕಬೇಡಿ. ಯಾವುದನ್ನು ನುಂಗಬಹುದು ಅಂತ ಮೊದಲೇ ಬರೆಸಿಕೊಂಡಿರಿ. ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಹೇಳುತ್ತಾರೆ. ನೋವು ಇಳಿದ ಕೂಡಲೇ ಸುಮ್ನೆ ಮೆಟ್ಟಿಲು ಹತ್ತಿ ಪರೀಕ್ಷೆ ಮಾಡುವುದೂ ಬೇಡ. ಫಿಜಿಯೋಥೆರಪಿಯವರು ಹೇಳಿದಷ್ಟೇ ಮಾಡಿ, ಆದರೆ ಒಂದು ದಿನವೂ ತಪ್ಪಿಸಬೇಡಿ.

ಮಂಡಿ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ನೋವು ದಿನದಿಂದ ದಿನಕ್ಕೆ ಏರಿದರೆ ಕೀಲಿನೊಳಗೆ ಸೋಂಕು ಆಗಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಹೋಗುವಾಗ ಯಾವ ದಿನ, ಯಾವ ಕೀಲಿಗೆ, ಏನು ಹಾಕಿದ್ದರು ಅನ್ನುವ ಚೀಟಿ ಕೈಯಲ್ಲಿರಲಿ.