ಶಾಲು, ಹಾರ, ಮೈಕ್ ಇಲ್ಲದ ಕಥಾಕೂಟ: ಸಾಗರದಲ್ಲಿ ನಾವು ಮಾಡಿದ್ದು ಹೀಗೆ

ಕಥೆ ಬರೆಯುವವರು ತಿಂಗಳಿಗೊಮ್ಮೆ ಒಂದು ಕಡೆ ಕೂರಬೇಕು. ಬಂದವರೇ ದುಡ್ಡು ಹಾಕಬೇಕು. ಅತಿಥಿ ಬೇಡ, ವೇದಿಕೆ ಬೇಡ, ಮೈಕ್ ಬೇಡ. ನಾನು ಹೀಗೆ ಹೇಳಿದಾಗ ನಮ್ಮ ಸಾಗರದ ಹಿರಿಯ ಮೇಷ್ಟ್ರೊಬ್ಬರು, "ಮಾರಾಯ್ರೇ, ಪುಕ್ಕಟೆ ಊಟ ಹಾಕಿ ಕರೆದರೂ ಜನ ಬರುವುದಿಲ್ಲ. ನೀವು ದುಡ್ಡು ಬೇರೆ ಕೇಳ್ತೀರಾ?" ಅಂದರು. ಇನ್ನೊಬ್ಬರು, "ನೀನಾಸಂ ರಂಗಸಂಸ್ಥೆ ಇರುವ ಹೆಗ್ಗೋಡು ಇಷ್ಟು ಹತ್ತಿರ ಇರುವಾಗ ನಿಮ್ಮದು ಬೇರೆ ಯಾಕೆ?" ಅಂತ ಕೇಳಿದರು.

ಕೂಟ ಶುರುವಾಗಿ ನಾಲ್ಕು ವರ್ಷದ ಮೇಲಾಯಿತು. ಕಳೆದ ಸಲದ ಎರಡು ದಿನದ ಕಮ್ಮಟಕ್ಕೆ, ಅಂದರೆ ಕಥೆ ತಿದ್ದಿ ಕಲಿಯುವ ಶಿಬಿರಕ್ಕೆ, 20 ಜಾಗ ಇಟ್ಟಿದ್ದೆವು. ಬರುತ್ತೇವೆ ಅಂದವರು ಹೆಚ್ಚುಕಮ್ಮಿ 40 ಜನ. ಶಿರಸಿ, ಸೊರಬ, ಹೊಸನಗರದ ಕಡೆಯವರು ಫೋನ್ ಮಾಡಿ "ನೀವು ಹೇಗೆ ಮಾಡ್ತೀರಿ, ನಾವೂ ಮಾಡಬೇಕು" ಅಂತ ಕೇಳುತ್ತಿದ್ದಾರೆ. ಎಲ್ಲರಿಗೂ ಒಟ್ಟಿಗೆ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಹೆಗ್ಗೋಡಿನ ಮಾತು ಮೊದಲು. ನೀನಾಸಂ ನಮಗೆಲ್ಲ ದೊಡ್ಡ ಆಸರೆ. ಅಕ್ಟೋಬರ್ ಬಂತೆಂದರೆ ಸಂಸ್ಕೃತಿ ಶಿಬಿರಕ್ಕೆ ನಮ್ಮವರು ಹೋಗಿಯೇ ಹೋಗುತ್ತಾರೆ. ಅಲ್ಲಿ ನಾಟಕ ನೋಡುತ್ತೇವೆ, ತಿಳಿದವರ ಮಾತು ಕೇಳುತ್ತೇವೆ, ರಾತ್ರಿಯವರೆಗೂ ಚರ್ಚೆ ಮಾಡುತ್ತೇವೆ. ಆದರೆ ನಾನು ಬರೆದ ಕಥೆಯ ಮೂರನೇ ಪುಟ ಯಾಕೆ ಸಪ್ಪೆಯಾಗಿದೆ ಅಂತ ಕೂತು ನೋಡುವ ಕೆಲಸವೇ ಬೇರೆ. ಅದು ಪ್ರತಿ ತಿಂಗಳು, ನಮ್ಮೂರಲ್ಲೇ, ನಾಲ್ಕು ಜನ ಬಲ್ಲವರ ನಡುವೆ ಆಗಬೇಕು. ನೀನಾಸಂ ಕೂಡ 1949ರಲ್ಲಿ ಊರಿನ ಕೆಲವರು ಸೇರಿಕೊಂಡು ಶುರು ಮಾಡಿದ್ದೇ ಅಲ್ವಾ? ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಅನ್ನುವ ಪ್ರಕಾಶನ ಕಟ್ಟಿದರು. ಅದರ ಅಟ್ಟದ ಮೇಲೆ ಕೂತು ಮಾತಾಡಿ ಎಷ್ಟು ಜನ ಬರಹಗಾರರು ಬೆಳೆದರು! ಕೂರಲು ಒಂದು ಜಾಗ ಮತ್ತು ಮಾತಾಡುವ ಜನ ಇದ್ದರೆ ಸಾಕು ಅನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಈಗ ದುಡ್ಡಿನ ವಿಷಯ. ಇದಕ್ಕೂ ಮೊದಲು ನಮ್ಮಲ್ಲಿ ವರ್ಷಕ್ಕೊಂದು ಸಾಹಿತ್ಯ ಕಾರ್ಯಕ್ರಮ ಆಗುತ್ತಿತ್ತು. ಕೊನೆಯದರ ಲೆಕ್ಕ ನನಗೆ ಈಗಲೂ ಸುಮಾರಾಗಿ ನೆನಪಿದೆ. ಅತಿಥಿಗಳ ಕಾರಿಗೆ 9,000. ಲಾಡ್ಜಿಗೆ 1,500. ವೇದಿಕೆ ಮೇಲಿದ್ದವರ ಶಾಲು, ಹಾರ, ಸ್ಮರಣಿಕೆ ಸೇರಿ 3,500. ಆಹ್ವಾನ ಪತ್ರಿಕೆಗೆ 2,500. ಮೈಕ್‌ನವರಿಗೆ 2,000. ಫ್ಲೆಕ್ಸ್‌ಗೆ 900. ಎಲ್ಲ ಸೇರಿ 19,000 ದಾಟಿತ್ತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಅಧ್ಯಕ್ಷರ ಮಾತು ಮುಗಿಯುವ ಹೊತ್ತಿಗೆ ಊಟದ ಸಮಯ. ಊರಿನ ಹುಡುಗಿಯೊಬ್ಬಳು ಕಥೆ ಓದಲು ಬಂದಿದ್ದಳು. ಅವಳಿಗೆ ಸಿಕ್ಕಿದ್ದು ಹತ್ತು ನಿಮಿಷ. ಅಷ್ಟರಲ್ಲಿ ಅರ್ಧ ಕುರ್ಚಿ ಖಾಲಿ. ಅವಳ ಕಥೆಯ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ. ಅದೇ 19,000 ರೂಪಾಯಿಯಲ್ಲಿ ಈಗ ನಾವು ಒಂದೂವರೆ ವರ್ಷ ಕೂಟ ನಡೆಸುತ್ತೇವೆ.

ನೇರವಾಗಿ ಈಗಿನ ಪದ್ಧತಿಗೆ ಬಂದುಬಿಡಲಿಲ್ಲ. ಮೊದಲು ವಾಟ್ಸಾಪ್ ಗುಂಪು ಮಾಡಿದೆವು. ಕಥೆ ಹಾಕಿದರೆ ಅರ್ಧ ನಿಮಿಷದಲ್ಲಿ "ತುಂಬಾ ಚೆನ್ನಾಗಿದೆ ಸರ್" ಅಂತ ಬರುತ್ತಿತ್ತು. ಎಂಟು ಪುಟದ ಕಥೆಯನ್ನು ಅರ್ಧ ನಿಮಿಷದಲ್ಲಿ ಯಾರು ಓದುತ್ತಾರೆ? ಈಗ ಆ ಗುಂಪಿನಲ್ಲಿ ದಿನಾಂಕ, ಸಮಯ ಬಿಟ್ಟು ಬೇರೆ ಏನೂ ಹಾಕುವಂತಿಲ್ಲ. ಆಮೇಲೆ ಕವಿಗೋಷ್ಠಿ ಇಟ್ಟು ಕಥೆಗಾರರನ್ನೂ ಸೇರಿಸಿ ನೋಡಿದೆವು. ತಮ್ಮ ಕವಿತೆ ಓದಿ ಮುಗಿದವರು ಬಸ್ಸಿಗೆ ಹೊರಟುಬಿಡುತ್ತಿದ್ದರು. ಕೊನೆಯ ಕವಿಗೆ ಕೇಳುಗರು ನಾವು ಮೂರ್ನಾಲ್ಕು ಜನ ಮಾತ್ರ. ಶಿಕ್ಷಕರು ಜಾಸ್ತಿ ಬರಲಿ ಅಂತ ಒಂದು ಸಲ ಓಓಡಿ (ಬಂದ ದಿನವನ್ನು ಕೆಲಸದ ದಿನವಾಗಿಯೇ ಲೆಕ್ಕ ಹಾಕುವ ಅನುಮತಿ) ಸಿಗುವ ಹಾಗೆ ಮಾಡಿಸಿ, ಪ್ರಮಾಣಪತ್ರವನ್ನೂ ಅಚ್ಚು ಹಾಕಿಸಿದೆವು. ಸಭಾಂಗಣ ತುಂಬಿತು. ಕಥೆ ಓದಿಕೊಂಡು ಬಂದವರು ನಾಲ್ಕೈದು ಜನ ಇದ್ದಿರಬಹುದು. ಒಬ್ಬ ವ್ಯಾಪಾರಿ 5,000 ಕೊಡುತ್ತೇನೆ ಅಂದರು. ಫ್ಲೆಕ್ಸಿನಲ್ಲಿ ಫೋಟೋ ಬೇಕು, ಹದಿನೈದು ನಿಮಿಷ ಮಾತಾಡಲು ಸಮಯ ಬೇಕು ಅಂದರು. ಆ ಹದಿನೈದು ನಿಮಿಷ ಒಂದು ಕಥೆಯ ಚರ್ಚೆಯಿಂದಲೇ ಹೋಗಬೇಕಿತ್ತು. ಬೇಡ ಅಂದೆವು.

ಈಗ ನಡೆಯುವುದು ಹೀಗೆ. ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಹತ್ತೂವರೆಯಿಂದ ಒಂದೂವರೆ. ಈ ದಿನ ಬದಲಾಗುವುದಿಲ್ಲ. ಮದುವೆ ಇರಲಿ, ಕ್ರಿಕೆಟ್ ಇರಲಿ, ಬದಲಾಗುವುದಿಲ್ಲ. ಒಂದು ಜುಲೈನಲ್ಲಿ ಮರ ಬಿದ್ದು ರಸ್ತೆ ಬಂದ್ ಆಗಿತ್ತು. ಕರೆಂಟೂ ಇರಲಿಲ್ಲ. ನಾಲ್ಕು ಜನ ಮೇಣದಬತ್ತಿ ಹಚ್ಚಿಕೊಂಡು ಕೂತು ಆ ದಿನದ ಎರಡೂ ಕಥೆಗಳ ಚರ್ಚೆ ಮುಗಿಸಿದೆವು. ದಿನ ಒಂದು ಸಲ ಮುಂದೂಡಿದರೆ ಕೂಟ ಅಲ್ಲಿಗೆ ಸಡಿಲವಾಗುತ್ತದೆ. ಇದನ್ನು ನಾನು ಅಕ್ಕಪಕ್ಕದ ತಾಲ್ಲೂಕುಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ಒಂದು ಸಲಕ್ಕೆ ಎರಡೇ ಕಥೆ. ಹತ್ತು ದಿನ ಮೊದಲೇ ಎಲ್ಲರ ಕೈಗೆ ಪ್ರತಿ ಹೋಗುತ್ತದೆ, ಫೋನಿನಲ್ಲಿ ಅಲ್ಲ, ಕಾಗದದಲ್ಲಿ. ಓದದೆ ಬಂದವರು ಕೂತು ಕೇಳಬಹುದು, ಮಾತಾಡುವಂತಿಲ್ಲ. ಕಥೆ ಬರೆದವರು ಮೊದಲ ಮುಕ್ಕಾಲು ಗಂಟೆ ಬಾಯಿ ತೆರೆಯುವಂತಿಲ್ಲ. "ನಾನು ಹೇಳಲು ಹೊರಟಿದ್ದು ಏನೆಂದರೆ" ಅಂತ ಶುರು ಮಾಡಿದರೆ ಕೈ ಎತ್ತಿ ನಿಲ್ಲಿಸುತ್ತೇನೆ. ಪತ್ರಿಕೆಯಲ್ಲಿ ಅಚ್ಚಾದಾಗ ಓದುವವರ ಪಕ್ಕದಲ್ಲಿ ನಾವು ಕೂತಿರುವುದಿಲ್ಲವಲ್ಲ.

ಮೊದಲ ಸುತ್ತಿನಲ್ಲಿ ಯಾರೂ ಅಭಿಪ್ರಾಯ ಹೇಳುವಂತಿಲ್ಲ. ಕಥೆಯಲ್ಲಿ ಏನಾಯಿತು ಅಂತ ಮಾತ್ರ ಹೇಳಬೇಕು. ಸುಮ್ನೆ ಏನಾಯಿತು ಅಂತ. ಇಷ್ಟು ಸಣ್ಣ ನಿಯಮದಿಂದ ಬಂದ ಫಲ ಕಂಡರೆ ನೀವು ನಂಬಲಿಕ್ಕಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಲ್ಲಿ ಮನೆ ಬಿಟ್ಟು ಬಂದ ಕುಟುಂಬದ ಕಥೆಯೊಂದು ಬಂದಿತ್ತು. ಕೊನೆಯಲ್ಲಿ "ಅಜ್ಜಿಯ ಮಂಚ ಖಾಲಿ ಇತ್ತು" ಅಂತ ಒಂದು ವಾಕ್ಯ. ಅಜ್ಜಿ ತೀರಿಕೊಂಡರು ಅಂತ ಆರು ಜನ ಹೇಳಿದರು. ಅಜ್ಜಿ ರಾತ್ರಿ ಎದ್ದು ಹಳೇ ಮನೆಯ ದಿಕ್ಕಿಗೆ ನಡೆದು ಹೋದರು ಅಂತ ಐದು ಜನ. ಮಗಳ ಮನೆಗೆ ಹೋಗಿರಬೇಕು ಅಂತ ಒಬ್ಬರು. ಬರೆದ ಅಕ್ಕ ಎಲ್ಲವನ್ನೂ ಸುಮ್ಮನೆ ಬರೆದುಕೊಂಡರು. ಮುಂದಿನ ತಿಂಗಳು ತಂದ ಪ್ರತಿಯಲ್ಲಿ ಮಂಚದ ಕೆಳಗೆ ಚಪ್ಪಲಿ ಇರಲಿಲ್ಲ ಅನ್ನುವ ಒಂದು ವಾಕ್ಯ ಸೇರಿತ್ತು. ಅಷ್ಟೇ ಸಾಕಾಯಿತು. ಆ ಕಥೆಗೆ ಆಮೇಲೆ ಒಂದು ಸ್ಪರ್ಧೆಯಲ್ಲಿ ಬಹುಮಾನವೂ ಬಂತು. ನಮ್ಮ ಕೂಟದಲ್ಲಿ ತಿದ್ದಿದ ಕಥೆಗಳಲ್ಲಿ ಇಲ್ಲಿಯವರೆಗೆ ಮೂವತ್ತರ ಹತ್ತಿರ ಅಚ್ಚಾಗಿವೆ. ಎರಡು ಸಂಕಲನವೂ ಬಂದಿವೆ. ತಾಲ್ಲೂಕು ಮಟ್ಟದ ಒಂದು ಕೂಟಕ್ಕೆ ಇದು ಸಣ್ಣ ಮಾತಲ್ಲ.

ಪ್ರತಿ ತಯಾರಿಸುವುದರಲ್ಲಿ ಒಂದು ವಿಷಯ ಹೇಳಲೇಬೇಕು. ಎಡಗಡೆ ಅಂಚಿನಲ್ಲಿ ಐದು ಸಾಲಿಗೊಮ್ಮೆ ಸಾಲಿನ ಸಂಖ್ಯೆ ಹಾಕಿಸಿ. 5, 10, 15 ಹೀಗೆ. ಇದು ಇಲ್ಲದಿದ್ದಾಗ "ಅದೇ, ಆ ಬಾವಿ ಕಟ್ಟೆ ಬರುತ್ತಲ್ಲ, ಅಲ್ಲಿ" ಅಂತ ಹುಡುಕುವುದರಲ್ಲೇ ಕಾಲು ಗಂಟೆ ಹೋಗುತ್ತಿತ್ತು. ಈಗ "ನಾಲ್ಕನೇ ಪುಟ, 20ನೇ ಸಾಲು" ಅಂದರೆ ಎಲ್ಲರ ಬೆರಳೂ ಅಲ್ಲಿಗೆ ಹೋಗುತ್ತದೆ. ಅಕ್ಷರ 14 ಪಾಯಿಂಟ್ ಇರಲಿ, ಹಿರಿಯರಿಗೆ ಓದಲು ಆಗಬೇಕು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ತಿರುಗಿಸಿದ ಮೇಲೆ ಒಂದು ಸಲ ಪೂರ್ತಿ ಓದಿ. ಅರ್ಕಾವತ್ತು, ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂತಿರುತ್ತವೆ.

ಒಂದು ಕೂಟದ ಖರ್ಚು ಸುಮಾರು ಸಾವಿರ ರೂಪಾಯಿ. ಎರಡು ಕಥೆಯ ಜೆರಾಕ್ಸ್‌ಗೆ 400. ಚಹಾ, ಮಂಡಕ್ಕಿಗೆ 350. ಕೋಣೆಗೆ ಬಾಡಿಗೆ ಇಲ್ಲ, ಗುಡಿಸಿ ಒರೆಸುವ ಅಮ್ಮನಿಗೆ 200. ತಲೆಗೆ 60 ರೂಪಾಯಿ, ವಿದ್ಯಾರ್ಥಿಗಳಿಗೆ ಅರ್ಧ. ಹದಿನಾರರಿಂದ ಹದಿನೆಂಟು ಜನ ಬರುತ್ತಾರೆ, ಸರಿಹೋಗುತ್ತದೆ. ವರ್ಷದ್ದನ್ನು ಒಟ್ಟಿಗೆ ಕೊಟ್ಟರೆ 500. ಹೀಗೆ ಮೊದಲೇ ಕೊಟ್ಟವರು ತಪ್ಪಿಸುವುದು ಬಹಳ ಕಡಿಮೆ. ದುಡ್ಡು ಕೊಟ್ಟವರು ಓದಿಕೊಂಡೂ ಬರುತ್ತಾರೆ. ಇದಂತೂ ನೂರಕ್ಕೆ ನೂರು ಸತ್ಯ.

ಕಮ್ಮಟಕ್ಕೆ 1,200 ಇಟ್ಟಿದ್ದೆವು. 20 ಜನರಿಂದ 24,000. ಕಮ್ಮಟ ನಡೆಸಿಕೊಟ್ಟ ಲೇಖಕರಿಗೆ 5,000 ಮತ್ತು ಓಡಾಟದ ಖರ್ಚು. ತೋಟದ ಮನೆಯ ಅಟ್ಟಕ್ಕೆ 3,500. ಜೆರಾಕ್ಸ್‌ಗೆ 2,000. ಊಟ ತಿಂಡಿಗೆ ಕೇಟರಿಂಗ್‌ನವರು ಹೇಳಿದ್ದು 16,000. ಅಲ್ಲಿಗೆ ಲೆಕ್ಕ ಕೈಮೀರಿತು. ಆಗ ಬರುವವರಿಗೇ ಹೇಳಿದೆವು. ಒಬ್ಬರು ಅಕ್ಕಿ ತಂದರು, ಒಬ್ಬರು ತೆಂಗಿನಕಾಯಿ, ಬಾಳೆಎಲೆ, ಇನ್ನೊಬ್ಬರ ಮನೆಯಿಂದ ಹಾಲು ಮಜ್ಜಿಗೆ. ಅಡುಗೆಯವರಿಗೆ ಕೂಲಿ ಕೊಟ್ಟು ನಾವೇ ಮಾಡಿಸಿದೆವು. ಎರಡು ದಿನವೂ ತಂಬುಳಿ, ಅಪ್ಪೆಹುಳಿ. 10,000ದ ಆಸುಪಾಸಿನಲ್ಲಿ ಮುಗಿಯಿತು. ಕೊನೆಗೆ ಸಾವಿರ, ಒಂದೂವರೆ ಸಾವಿರ ಉಳಿಯಿತು ಕೂಡ.

ಸಮಯವನ್ನು ಒಂದೂವರೆಗೆ ಮುಗಿಸುವ ನಿಯಮ ಬಂದಿದ್ದು ತುಮರಿ ಕಡೆಯ ಒಬ್ಬರಿಂದ. ಶರಾವತಿ ಹಿನ್ನೀರಿನ ಆಚೆ ಅವರ ಊರು. ಆಗ ಸಂಜೆ ಹಿನ್ನೀರು ದಾಟಿಸುವ ಲಾಂಚ್ ತಪ್ಪಿದರೆ ರಾತ್ರಿ ಈಚೆ ದಡದಲ್ಲೇ. ಅವರಷ್ಟು ಸೂಕ್ಷ್ಮವಾಗಿ ಓದುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ, ಅವರನ್ನು ಬಿಟ್ಟು ಕೂಟ ಮಾಡುವುದು ನನಗೆ ಬೇಡವಾಗಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಿತು. ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದ. ಈಗ ಅವರಿಗೆ ಗಡಿಯಾರ ನೋಡುವ ಅವಸರ ಇಲ್ಲ. ಕೂಟ ಮುಗಿದ ಮೇಲೂ ಒಂದು ಗಂಟೆ ಕೂರುತ್ತೇವೆ.

ಕೆಲವು ಬೇರೆ ಪ್ರಯೋಗಗಳನ್ನೂ ಮಾಡಿದ್ದೇವೆ. ಒಂದು, ಕಥೆಯನ್ನು ಬರೆದವರು ಓದದೆ ಬೇರೆಯವರಿಂದ ಓದಿಸುವುದು. ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಕಲಿತ ಹುಡುಗರು ನಮ್ಮ ಸುತ್ತ ಇದ್ದಾರೆ, ಅದು ನಮ್ಮ ಭಾಗ್ಯ. ಅವರಿಗೆ ನಾಲಿಗೆ ತೊಡರಿದ ಸಂಭಾಷಣೆ ಕಾಗದದಲ್ಲೂ ಸರಿ ಇರುವುದಿಲ್ಲ. ಅಲ್ಲಿಗೇ ಪೆನ್ಸಿಲ್ ಗುರುತು ಹಾಕಿಕೊಳ್ಳುತ್ತೇವೆ.

ಇನ್ನೊಂದು ನನಗೆ ಬಹಳ ಇಷ್ಟವಾದದ್ದು. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಹೊತ್ತು ಹತ್ತಾರು ಜನ ಮೆಟ್ಟುಗತ್ತಿ ಮುಂದೆ ಕೂತಿರುತ್ತಾರೆ. ಒಂದು ಮನೆಯವರನ್ನು ಕೇಳಿಕೊಂಡು ಅಲ್ಲಿ ಕಥೆ ಓದಿದೆವು. ಸುಲಿದಷ್ಟಕ್ಕೆ ಕೂಲಿ, ಆದ್ದರಿಂದ ಕೈ ನಿಲ್ಲುವುದಿಲ್ಲ. ನಿಲ್ಲುವುದು ಮಾತು. ಕಥೆ ಹಿಡಿದರೆ ಹರಟೆ ತಾನಾಗಿ ನಿಲ್ಲುತ್ತದೆ. ಕಥೆ ಜೋಲು ಬಿದ್ದ ಕೂಡಲೇ ಮೂಲೆಯಲ್ಲಿ ಯಾರೋ ಪಕ್ಕದ ಮನೆ ಸುದ್ದಿ ಎತ್ತುತ್ತಾರೆ. ನಾನು ಪ್ರತಿಯ ಅಂಚಿನಲ್ಲಿ ಮಾತು ಶುರುವಾದ ಸಾಲನ್ನು ಗುರುತು ಮಾಡುತ್ತಾ ಹೋದೆ. ಆಮೇಲೆ ಕೂಟದಲ್ಲಿ ಓದುಗರು ಹೇಳಿದ ಜಾಗಗಳಿಗೂ ಇದಕ್ಕೂ ಹೋಲಿಸಿ ನೋಡಿದರೆ ಮುಕ್ಕಾಲು ಪಾಲು ಒಂದೇ! ಒಬ್ಬ ಹೆಂಗಸು, "ಆ ಗಂಡ ಪತ್ರ ಓದುವುದನ್ನು ಅಷ್ಟು ಎಳೆಯಬಾರದಿತ್ತು, ನಮಗೆ ಮೊದಲೇ ಗೊತ್ತಾಗಿತ್ತು" ಅಂದರು. ಅದಕ್ಕಿಂತ ಒಳ್ಳೆಯ ವಿಮರ್ಶೆ ಆ ಕಥೆಗೆ ಬರಲೇ ಇಲ್ಲ. ಗೂಗಲ್ ಮೀಟ್‌ನಲ್ಲಿ ಕೂಟ ಮಾಡಿದ್ದು ಮಾತ್ರ ಹೊಂದಲಿಲ್ಲ. ಮಳೆಗಾಲದಲ್ಲಿ ನಮ್ಮ ಹಳ್ಳಿಗಳ ನೆಟ್‌ವರ್ಕ್ ನಂಬಿ ಏನೂ ಮಾಡುವಂತಿಲ್ಲ.

ಎರಡು ವಿಷಯ ಮಾತ್ರ ಇಲ್ಲಿ ಬರೆಯುವುದಿಲ್ಲ. ಯಾವ ಕಥೆಯ ಜೊತೆ ಯಾವ ಕಥೆಯನ್ನು ಇಡುತ್ತೇನೆ ಅನ್ನುವುದು ಒಂದು. ಮೊದಲು ಮಾತಾಡುವವರನ್ನು ಹೇಗೆ ಆರಿಸುತ್ತೇನೆ ಅನ್ನುವುದು ಇನ್ನೊಂದು. ಕೂಟದ ಜೀವ ಇರುವುದೇ ಈ ಎರಡರಲ್ಲಿ. ಬಂದು ನಾಲ್ಕಾರು ತಿಂಗಳು ಕೂತರೆ ನಿಮಗೇ ತಿಳಿಯುತ್ತದೆ.

ಮುಂದಿನದು ಹೀಗಿದೆ. ಜೂನ್, ಜುಲೈ, ಆಗಸ್ಟ್ ಕೂಟಗಳಲ್ಲಿ ದೀಪಾವಳಿ ವಿಶೇಷಾಂಕಗಳ ಸ್ಪರ್ಧೆಗೆ ಕಳಿಸುವ ಕಥೆಗಳನ್ನು ಮೊದಲು ತೆಗೆದುಕೊಳ್ಳುತ್ತೇವೆ. ಸೆಪ್ಟೆಂಬರ್‌ನಲ್ಲಿ ಅರ್ಧ ದಿನದ ಕಾರ್ಯಾಗಾರ, ಮೊದಲ ಪುಸ್ತಕ ತರುವವರಿಗಾಗಿ. ಹಸ್ತಪ್ರತಿ ಜೋಡಿಸುವುದು, ಕರಡು ತಿದ್ದುವುದು, ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಯೋಜನೆಗೆ ಅರ್ಜಿ ಹಾಕುವುದು, ಐಎಸ್‌ಬಿಎನ್ ಅನ್ನುವ ಪುಸ್ತಕದ ಗುರುತು ಸಂಖ್ಯೆ ಪಡೆಯುವುದು. ಈ ಸಂಖ್ಯೆ ನಮ್ಮ ದೇಶದಲ್ಲಿ ಉಚಿತ. ಅದಕ್ಕೂ ದುಡ್ಡು ಕೇಳುವವರಿದ್ದಾರೆ, ಕೊಡಬೇಡಿ. ಎರಡು ದಿನದ ಕಮ್ಮಟ ಹೆಗ್ಗೋಡಿನ ಶಿಬಿರ ಮುಗಿದ ಮೇಲೆ, ಅಡಿಕೆ ಕೊನೆಕೊಯ್ಲು ಜೋರಾಗುವ ಮೊದಲು, ಹಬ್ಬ ನೋಡಿಕೊಂಡು. ಬೆಂಗಳೂರಿನಲ್ಲಿರುವ ನಮ್ಮೂರಿನವರು ರಾತ್ರಿ ತಾಳಗುಪ್ಪ ರೈಲು ಹತ್ತಿದರೆ ಬೆಳಿಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಬಹುದು, ಅಲ್ಲಿಂದ ಕರೆದುಕೊಂಡು ಬರುತ್ತೇವೆ.

ಕಮ್ಮಟಕ್ಕೆ ಕಥೆ 3,000 ಪದ ಮೀರದಿರಲಿ, ಆಗಸ್ಟ್ ಕೊನೆಯೊಳಗೆ ಕೈಗೆ ಸೇರಲಿ. ಕೈಬರಹದಲ್ಲಿದ್ದರೆ ಅದೇ ತಿಂಗಳ 15ನೇ ತಾರೀಕಿನೊಳಗೆ ಕೊಡಿ. ಟೈಪ್ ಮಾಡಿಸಲು ಪುಟಕ್ಕೆ 30 ರೂಪಾಯಿ ಆಗುತ್ತದೆ, ಅದನ್ನು ಉಳಿದ ದುಡ್ಡಿನಿಂದ ನಾವೇ ಹಾಕುತ್ತೇವೆ.