ಸಿಗಡಿ ಸಿಪ್ಪೆಯಿಂದ ತಾಮ್ರ ಹೀರುವ ಜೆಲ್ ಮಣಿ: ನನ್ನ ಅನುಭವ

ಸಿಗಡಿ ಸಿಪ್ಪೆಯೆಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ (ಸುಣ್ಣದ ಅಂಶ), ಪ್ರೋಟೀನ್ ಮತ್ತು ಕೈಟಿನ್ ಎಂಬ ಉದ್ದ ಸರಪಳಿ ಅಣುಗಳ ನಾರುವಸ್ತು. ನನಗೆ ಬೇಕಿದ್ದುದು ಕೈಟಿನ್ ಮಾತ್ರ. ಮಲ್ಪೆಯಿಂದ ತಂದ ಸಿಪ್ಪೆಯನ್ನು ಅದೇ ದಿನ ತೊಳೆದು ಬಿಸಿಲಿಗೆ ಹರಡುತ್ತಿದ್ದೆ. ತಡಮಾಡಿದರೆ ನಾತವನ್ನು ಸಹಿಸಬಹುದು, ಕೊಳೆತ ಸಿಪ್ಪೆಯಿಂದ ಗಟ್ಟಿ ಜೆಲ್ ಬರುವುದಿಲ್ಲ.

ಒಣಪುಡಿಯನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಚಿಟಿಕೆ ಚಿಟಿಕೆಯಾಗಿಯೇ ಹಾಕಬೇಕು, ಇಲ್ಲದಿದ್ದರೆ ನೊರೆ ಉಕ್ಕಿ ಮೇಜೆಲ್ಲ ಹರಿಯುತ್ತದೆ. ನೊರೆ ನಿಂತಿತೆಂದರೆ ಸುಣ್ಣದ ಅಂಶ ಹೋಯಿತು. ಇನ್ನೂ ನೆನೆಹಾಕಿದರೆ ಆಮ್ಲ ಕೈಟಿನ್ ಸರಪಳಿಯನ್ನೇ ತುಂಡರಿಸುತ್ತದೆ. ಆಮೇಲೆ ತೆಳು ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿ ಪ್ರೋಟೀನ್ ತೆಗೆದೆ. (ಬೊಂಡಾಸದ, ಅಂದರೆ ಸ್ಕ್ವಿಡ್‌ನ, ಒಳಗಿನ ಪಾರದರ್ಶಕ ಕಡ್ಡಿಯಲ್ಲಿ ಸುಣ್ಣದ ಅಂಶ ತೀರಾ ಕಡಿಮೆ, ಸಿಕ್ಕರೆ ಅದೇ ಸುಲಭ.)

ಮುಂದಿನದು ಅಪಾಯದ ಹಂತ. ಶೇ. 40ರಿಂದ 50ರಷ್ಟು ಗಾಢವಾದ ಸೋಡಾದಲ್ಲಿ, 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಗಂಟೆಗಟ್ಟಲೆ ಬೇಯಿಸಿದಾಗ ಕೈಟಿನ್‌ನ ಅಸಿಟೈಲ್ ಗುಂಪುಗಳು ಕಳಚಿ, ಸಾರಜನಕವಿರುವ ಅಮೈನ್ ಗುಂಪುಗಳು ತೆರೆದುಕೊಳ್ಳುತ್ತವೆ. ಅದೇ ಕೈಟೋಸಾನ್. ಈ ಸೋಡಾ ಗಾಜನ್ನೂ ತಿನ್ನುವುದರಿಂದ ಸ್ಟೀಲ್ ಪಾತ್ರೆಯೇ ಬೇಕು. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕಲ್ಲ.

ಶೇ. 2ರ ಅಸಿಟಿಕ್ ಆಮ್ಲದಲ್ಲಿ ಕೈಟೋಸಾನ್ ರಾತ್ರಿಯಿಡೀ ಕರಗಿ ಮಂದವಾಗುತ್ತದೆ. ಬಟ್ಟೆಯಲ್ಲಿ ಸೋಸಿ, ಸಿರಿಂಜಿನಿಂದ ತೆಳು ಸೋಡಾಕ್ಕೆ ಹನಿಹನಿಯಾಗಿ ಬಿಟ್ಟರೆ ಬೆಂದ ಸಬ್ಬಕ್ಕಿಯಂಥ ಮಣಿಗಳು ಕಟ್ಟುತ್ತವೆ. ಅವುಗಳಲ್ಲಿ ಶೇ. 90ಕ್ಕಿಂತ ಹೆಚ್ಚು ನೀರೇ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಅಡಿಕೆ ಬೆಳೆಗಾರರಿಗೆ ಮೈಲುತುತ್ತದ (ತಾಮ್ರದ ಸಲ್ಫೇಟ್) ಪರಿಚಯ ಹೇಳಬೇಕಿಲ್ಲ. ಸುಣ್ಣಕ್ಕೆ ಸುರಿಯುವ ಮೊದಲು ಅದನ್ನು ಕರಗಿಸಿದ ಪಾತ್ರೆಯ ತೊಳೆನೀರಿಗೆ ಮಣಿಗಳನ್ನು ಹಾಕಿದೆ. ನೀರಿನ ಬಣ್ಣ ಇಳಿಯಿತು, ಮಣಿಗಳು ನೀಲಿಯಾದವು. ತಾಮ್ರದ ಅಯಾನುಗಳನ್ನು ಹಿಡಿಯುವುದು ಆ ಅಮೈನ್ ಗುಂಪುಗಳೇ.

ತಾಮ್ರವನ್ನು ಮರಳಿ ಪಡೆಯಲು ಆಮ್ಲ ಬೇಕು; ಆಮ್ಲದಲ್ಲಿ ಮಣಿಯೇ ಕರಗಿಬಿಡುತ್ತದೆ. ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಿಂದ ಕೈಟೋಸಾನ್ ಸರಪಳಿಗಳನ್ನು ಪರಸ್ಪರ ಬೆಸೆದರೆ ಮಣಿ ಹಳದಿಯಾಗಿ ಗಟ್ಟಿಯಾಗುತ್ತದೆ, ಆಮ್ಲವನ್ನೂ ತಡೆಯುತ್ತದೆ. ಆದರೆ ಆ ಬೆಸುಗೆಗೆ ಖರ್ಚಾಗುವುದೂ ಅಮೈನ್ ಗುಂಪುಗಳೇ, ಹೀರುವ ಶಕ್ತಿ ತಗ್ಗುತ್ತದೆ. ಹಾಗಾಗಿ ಬೆಸುಗೆ ಆದಷ್ಟು ಹಗುರವಾಗಿರಲಿ ಎನ್ನುವುದು ನನ್ನ ನಿಲುವು.

ಇದೇ ಕೈಟೋಸಾನ್ ರಕ್ತಸ್ರಾವ ತಡೆಯುವ ಪಟ್ಟಿಗಳಲ್ಲೂ ಇದೆ. ಅಮೆರಿಕದಲ್ಲಿ ಅಂಥ ಪಟ್ಟಿಗೆ 2002ರಲ್ಲಿ ಅನುಮತಿ ಸಿಕ್ಕಿತು. ಅದಕ್ಕೆ ಬೇಕಾದ ಶುದ್ಧತೆಯೇ ಬೇರೆ. ನನ್ನ ಮಣಿಯನ್ನು ಯಾರ ಗಾಯದ ಮೇಲೂ ಇಡಲಾರೆ. ತೋಟದಲ್ಲೇ ತಯಾರಿಸಿಕೊಳ್ಳಿ ಎಂದೂ ಹೇಳುವುದಿಲ್ಲ: ತೊಳೆಯಲು ಹಿಡಿಯುವ ನೀರು ವಿಪರೀತ, ಉಳಿದ ಸೋಡಾವನ್ನು ಚರಂಡಿಗೆ ಬಿಡುವಂತಿಲ್ಲ. ಮಣಿ ತಯಾರಿದ್ದರೆ ಒಣಗಲು ಬಿಡಬೇಡಿ. ಒಮ್ಮೆ ಒಣಗಿ ಮುದುಡಿದರೆ ಮತ್ತೆ ಮೊದಲಿನಷ್ಟು ಉಬ್ಬುವುದಿಲ್ಲ. ನೀರಿನಲ್ಲೇ ಮುಳುಗಿಸಿ ಫ್ರಿಜ್ಜಿನಲ್ಲಿಡಿ.